ಹೆತ್ತ ಕರುಳಿನ ದೇವರು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಚರ್ಚುಗಳಲ್ಲಿ ಪೂಜೆಯೋ ಆರಾಧನೆಯೋ ಮುಗಿದ ಮೇಲೆ ಅಂಗಳದಲ್ಲಿ ನಿಂತು ಜನ ಮೆಲ್ಲಗೆ ಕೇಳುವ ಪ್ರಶ್ನೆಗಳಿವು. ಪ್ರಸಂಗದ (ಧರ್ಮೋಪದೇಶದ) ನಡುವೆ ಕೈಯೆತ್ತಿ ಕೇಳುವಂಥವಲ್ಲ. ಕಥೋಲಿಕರು, ಪ್ರೊಟೆಸ್ಟಂಟರಾದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಯವರು, ಮನೆ ಮನೆಯ ಪ್ರಾರ್ಥನಾ ಕೂಟದವರು ಎಲ್ಲರೂ ಓದುವಂತಿರಲಿ ಎಂದು ಎರಡೂ ಕಡೆಯ ಮಾತು ಬಳಸಿದ್ದೇವೆ. ಅಧ್ಯಾಯ, ವಚನಗಳ ಸಂಖ್ಯೆ ಕೊಟ್ಟಿರುವುದು ನೀವೇ ತೆಗೆದು ನೋಡಲಿ ಎಂದು.

ದೇವರನ್ನು ತಂದೆ ಅಂತಲೇ ಕರೆಯೋದಲ್ವಾ? ತಾಯಿ ಅನ್ನೋದು ಎಲ್ಲಿಂದ ಬಂತು?

ಬೈಬಲಿನಿಂದಲೇ ಬಂತು. ಯೇಸು ಕಲಿಸಿದ ಪ್ರಾರ್ಥನೆ (ಪರಲೋಕ ಮಂತ್ರ) "ತಂದೆಯೇ" ಎಂದು ಶುರುವಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಗ್ರಂಥದಲ್ಲಿ ದೇವರು ತನ್ನನ್ನು ತಾಯಿಗೆ ಹೋಲಿಸಿಕೊಳ್ಳುವ ಜಾಗಗಳೂ ಸಾಕಷ್ಟಿವೆ. ಹೆತ್ತವಳು ಮೊಲೆಗೂಸನ್ನು ಮರೆತರೂ ನಾನು ಮರೆಯೆ ಎನ್ನುವುದು ಯೆಶಾಯ 49:15ರಲ್ಲಿ. ತಾಯಿ ಸಂತೈಸುವಂತೆ ಸಂತೈಸುತ್ತೇನೆ ಎನ್ನುವುದು ಅದೇ ಗ್ರಂಥದ 66:13ರಲ್ಲಿ. ಹೋಶೇಯ 11:3-4ರಲ್ಲಿ ದೇವರು ಮಗುವಿಗೆ ನಡೆ ಕಲಿಸುತ್ತಾನೆ, ಬಗ್ಗಿ ಉಣಿಸುತ್ತಾನೆ. ಧರ್ಮೋಪದೇಶಕಾಂಡ 32:18ರಲ್ಲಿ ಹೆತ್ತ ದೇವರನ್ನು ಮರೆತಿರಲ್ಲ ಎಂಬ ಆಕ್ಷೇಪವಿದೆ. ಯೆಶಾಯ 46:3-4 ನಮ್ಮ ವಯಸ್ಸಾದ ಓದುಗರಿಗೆ: ಗರ್ಭದಿಂದ ಹೊತ್ತವನು ತಲೆ ನರೆತ ಮೇಲೂ ಹೊರುತ್ತಾನೆ.

ಇದಕ್ಕಿಂತ ಆಳದ ಒಂದು ವಿಷಯ ಭಾಷೆಯಲ್ಲೇ ಇದೆ. ಹಳೆ ಒಡಂಬಡಿಕೆಯಲ್ಲಿ ದೇವರ ಕರುಣೆಗೆ ಬಳಸುವ ಹೀಬ್ರೂ ಪದ 'ರಹಮೀಮ್'. ಗರ್ಭಕ್ಕೆ ಆ ಭಾಷೆಯಲ್ಲಿ 'ರೆಹೆಮ್' ಎನ್ನುತ್ತಾರೆ; ಎರಡೂ ಒಂದೇ ಬೇರಿನವು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಯೇಸು ಕನಿಕರಪಟ್ಟನು ಎನ್ನುವ ಕಡೆ ಬರುವ ಕ್ರಿಯಾಪದ ಹೊಟ್ಟೆಯೊಳಗಿನ ಅಂಗಾಂಗಗಳ ಹೆಸರಿನಿಂದ ಹುಟ್ಟಿದ್ದು. ಇದನ್ನು ಬೇರೆ ಭಾಷೆಯವರಿಗೆ ವಿವರಿಸಲು ಅರ್ಧ ಪುಟ ಬೇಕು. ಕನ್ನಡದವರಿಗೆ ಒಂದು ಪದ ಸಾಕು: ಕರುಳು. ನಮ್ಮಲ್ಲಿ ಕರುಳು ಚುರುಕ್ ಅನ್ನುತ್ತದೆ, ಹೆತ್ತ ಕರುಳು ಕೇಳುವುದಿಲ್ಲ, ಮಗು ಕರುಳಿನ ಕುಡಿ. ನಾಯೀನ್ ಊರಿನ ವಿಧವೆಯನ್ನು ಕಂಡಾಗ (ಲೂಕ 7:13), ದೂರದಲ್ಲಿ ಬರುತ್ತಿದ್ದ ಮಗನನ್ನು ಅಪ್ಪ ಕಂಡಾಗ (ಲೂಕ 15:20) ಆದದ್ದು ಅದೇ.

ಹಾಗೆಂದು ದೇವರು ಹೆಂಗಸು ಎಂದು ಯಾರೂ ಹೇಳುತ್ತಿಲ್ಲ. ಗಂಡಸೂ ಅಲ್ಲ. ಕಥೋಲಿಕ ಧರ್ಮಸಭೆಯ ಅಧಿಕೃತ ಬೋಧನಾಗ್ರಂಥದ 239ನೆಯ ಕಂಡಿಕೆ ಇದನ್ನೇ ನೇರವಾಗಿ ಹೇಳಿ, ತಾಯ್ತನದ ಹೋಲಿಕೆಯನ್ನೂ ಒಪ್ಪುತ್ತದೆ. ಪೋಪ್ ಒಂದನೆಯ ಜಾನ್ ಪೌಲ್ 1978ರ ಸೆಪ್ಟೆಂಬರ್ 10ರಂದು ಜನರೆದುರು ದೇವರು ತಂದೆ, ಅದಕ್ಕಿಂತ ಹೆಚ್ಚಾಗಿ ತಾಯಿ ಎಂದಿದ್ದರು. ಇದು ಈಚಿನವರ ಹೊಸ ಕಲ್ಪನೆ ಎಂದು ಗೊಣಗುವವರಿಗೆ ಇನ್ನೊಂದು ಮಾಹಿತಿ: 1373ರಲ್ಲಿ ದರ್ಶನ ಕಂಡ ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ ಯೇಸುವನ್ನೇ ತಾಯಿ ಎಂದು ಕರೆದು ಬರೆದಿದ್ದಾಳೆ.

ಕೋಳಿಯ ಹೋಲಿಕೆ ಪ್ರಸಂಗದಲ್ಲಿ ಕೇಳಿದ್ದೇವೆ. ದೇವರಿಗೆ ಕೋಳಿ ಅಂದ್ರೆ ಸ್ವಲ್ಪ ಸಣ್ಣದಾಗಲಿಲ್ವಾ?

ಹೋಲಿಸಿಕೊಂಡದ್ದು ಯೇಸುವೇ: ಕೋಳಿ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವಂತೆ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಲು ಎಷ್ಟೋ ಸಲ ಬಯಸಿದೆ, ನಿಮಗೆ ಮನಸ್ಸಿರಲಿಲ್ಲ ಎಂದು ಯೆರೂಸಲೇಮಿಗೆ ಹೇಳಿದ (ಮತ್ತಾಯ 23:37, ಲೂಕ 13:34). ಹಿತ್ತಿಲಲ್ಲಿ ನಾಟಿಕೋಳಿ ಸಾಕಿದವರಿಗೆ ಈ ವಚನ ಪಂಡಿತರಿಗಿಂತ ಚೆನ್ನಾಗಿ ತಿಳಿಯುತ್ತದೆ. ಕಾವು ಕೂತ ಹೇಂಟೆ 21 ದಿನ ಅಲುಗುವುದಿಲ್ಲ. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ಹಿಕ್ಕೆ ಹಾಕಿ, ಮೊಟ್ಟೆ ಆರುವ ಮೊದಲೇ ಮರಳುತ್ತದೆ. ಎದೆಯಡಿಯ ಪುಕ್ಕ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುವಂತಾಗಿರುತ್ತದೆ. ಮರಿ ಮಾಡಿದ ಮೇಲೆ ಅಂಗಳದಲ್ಲಿ ಹದ್ದಿನ ನೆರಳು ಹರಿದರೆ ಗಂಟಲಿನೊಳಗೇ ಒಂದು ಸದ್ದು. ಅಷ್ಟಕ್ಕೇ ಮರಿಗಳೆಲ್ಲ ಓಡಿ ಬಂದು ರೆಕ್ಕೆಯಡಿ ತೂರುತ್ತವೆ. ಹೊರಗೆ ಕಾಣುವುದು ಉಬ್ಬಿದ ಒಂದು ಕೋಳಿ, ಅದರ ಕೆಳಗೆ ಹತ್ತಾರು ಸಣ್ಣ ಕಾಲು.

ವಚನದಲ್ಲಿ ಮರಿಗಳು ಬರಲಿಲ್ಲ ಎನ್ನುವುದನ್ನು ಗಮನಿಸಿ. ಹೇಂಟೆ ಅಟ್ಟಿಸಿಕೊಂಡು ಹೋಗಿ ಮರಿಯನ್ನು ಕೊಕ್ಕಿನಲ್ಲಿ ಎಳೆದು ತರುವುದಿಲ್ಲ. ಕರೆಯುತ್ತದೆ, ರೆಕ್ಕೆ ತೆರೆದು ನಿಲ್ಲುತ್ತದೆ. ದೇವರ ಪ್ರೀತಿ ಬಲವಂತ ಮಾಡುವುದಿಲ್ಲ ಎಂದು ಹೇಳಲು ಇದಕ್ಕಿಂತ ದೊಡ್ಡ ಪ್ರಾಣಿ ಬೇಕಿರಲಿಲ್ಲ.

ನನ್ನ ಅಪ್ಪ ಕುಡಿದು ಬಂದು ಹೊಡೀತಿದ್ರು. "ತಂದೆ" ಅಂದ ಕೂಡಲೇ ಎದೆ ಬಿಗಿಯುತ್ತೆ. ಪರಲೋಕ ಮಂತ್ರ ಹೇಳೋದು ಹೇಗೆ?

ಇದು ತುಂಬ ಜನರ ಪ್ರಶ್ನೆ, ನಾಚಿಕೆ ಬೇಡ. ಎದೆ ಬಿಗಿಯುವುದು ಅವಿಶ್ವಾಸವಲ್ಲ. ಪೆಟ್ಟು ತಿಂದ ಮೈ ಆ ಪದಕ್ಕೆ ಕಲಿತ ಪಾಠ ಅದು.

ಮೊದಲ ಕೆಲವು ತಿಂಗಳು ಒಬ್ಬರೇ ಇರುವಾಗ ಬೇರೆ ಹೆಸರಿನಿಂದ ಕರೆಯಿರಿ. ಕೀರ್ತನೆಗಳಲ್ಲೇ ಬೇಕಾದಷ್ಟಿವೆ: ಕುರುಬ (23), ಬಂಡೆ, ಕೋಟೆ (18), ಬೆಳಕು (27), ನೆರಳು (121). ಚರ್ಚಿನಲ್ಲಿ ಎಲ್ಲರ ಜೊತೆ ಹೇಳುವಾಗ ಮೊದಲ ಪದದ ಹೊತ್ತಿಗೆ ಸುಮ್ಮನಿದ್ದು "ನಮ್ಮ ಅನುದಿನದ ಆಹಾರ" ಎನ್ನುವಲ್ಲಿ ಸೇರಿಕೊಂಡರೂ ಆಗುತ್ತದೆ. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಅಷ್ಟರಲ್ಲಿ ಲೂಕ 15:11-32ನ್ನು ಬೇರೆ ಬೇರೆ ದಿನ ಓದಿ, ಆ ಅಪ್ಪ ಮಾಡುವ ಕೆಲಸಗಳನ್ನಷ್ಟೇ ಪಟ್ಟಿ ಮಾಡಿ: ದೂರದಿಂದಲೇ ಕಂಡ, ಓಡಿದ, ತಬ್ಬಿದ, ಮುದ್ದಿಟ್ಟ, ಬಟ್ಟೆ ತೊಡಿಸಿದ, ಕೋಪಗೊಂಡ ದೊಡ್ಡ ಮಗನ ಬಳಿಗೆ ತಾನೇ ಹೊರಗೆ ಹೋದ. ಒಂದೇಟೂ ಇಲ್ಲ. "ತಂದೆ" ಪದಕ್ಕೆ ನಿಧಾನವಾಗಿ ಹೊಸ ಅರ್ಥ ಕೂಡುವುದು ಹೀಗೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಬೇಗ ಕ್ಷಮಿಸು ಎಂದು ಸುತ್ತಲಿನವರು ಒತ್ತಾಯಿಸುವುದು. ಕ್ಷಮೆಗೆ ಗಡುವು ಇಲ್ಲ. ಈಗಲೂ ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ ಪ್ರಾರ್ಥನೆಗಿಂತ ಮೊದಲು ಫೋನು: ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಶಿಲುಬೆ ಹೊರು, ಸಹಿಸಿಕೋ ಎಂದು ಯಾರಾದರೂ, ಪ್ರಾರ್ಥನಾ ಕೂಟದ ಹಿರಿಯರೇ ಆಗಲಿ, ಹೇಳಿದರೆ ಕೇಳಬೇಡಿ. ಶಿಲುಬೆಯನ್ನು ಯೇಸು ತಾನಾಗಿ ಹೊತ್ತದ್ದು. ಇನ್ನೊಬ್ಬರ ಬೆನ್ನಿಗೆ ಕಟ್ಟಿ ಎಂದು ಅವನು ಹೇಳಿಲ್ಲ.

ಕಾಯಿಲೆ, ಸಾಲ, ತೋಟ ಹಾಳಾಗೋದು, ಇದೆಲ್ಲ ಮಾಡಿದ ಪಾಪಕ್ಕೆ ಶಿಕ್ಷೆ ತಾನೇ?

ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಇದನ್ನೇ: ಯಾರು ಪಾಪ ಮಾಡಿದ್ದು, ಇವನೋ ಇವನ ತಂದೆತಾಯಿಯೋ? ಇಬ್ಬರೂ ಅಲ್ಲ ಎಂದ ಯೇಸು (ಯೋಹಾನ 9:3). ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗಲೂ ಅವರು ಮಿಕ್ಕವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದೇ ಹೇಳಿದ (ಲೂಕ 13:4-5). ಕಾಂಡಕೊರಕ ಹುಳ ಅರೇಬಿಕಾ ಕಾಫಿ ಗಿಡಕ್ಕೆ ಬೀಳುವುದು ನೆರಳು ಕಡಿಮೆಯಾದಾಗ, ಬಿಸಿಲು ಕಾಂಡಕ್ಕೆ ನೇರ ಬಡಿದಾಗ. ಯಜಮಾನ ಭಾನುವಾರ ಪೂಜೆ ತಪ್ಪಿಸಿದನೇ ಎಂದು ಅದು ನೋಡುವುದಿಲ್ಲ.

ಮಾಡಿದ್ದಕ್ಕೆ ಫಲ ಇಲ್ಲವೇ ಇಲ್ಲ ಎಂದಲ್ಲ. ಕುಡಿತದಿಂದ ಯಕೃತ್ತು ಕೆಡುತ್ತದೆ, ಸುಳ್ಳಿನಿಂದ ಮನೆ ಒಡೆಯುತ್ತದೆ. ಅದು ಕೆಲಸದ ಪರಿಣಾಮ. ದೇವರು ಮೇಲೆ ಕೂತು ಲೆಕ್ಕದ ಪುಸ್ತಕ ನೋಡಿ ಕಾಯಿಲೆ ಕಳಿಸುತ್ತಾನೆ ಎನ್ನುವುದು ಬೇರೆ ಮಾತು. ಎಲ್ಲ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರು ಅವನ ಹೆಸರಿನ ಪುಸ್ತಕವಿಡೀ ಆ ವಾದ ಮಾಡಿದರು, ಕೊನೆಗೆ ದೇವರು ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ ಎಂದು ಬೈದದ್ದು ಅವರನ್ನೇ (ಯೋಬ 42:7). ರೋಗಿಯ ಮನೆಗೆ ಹೋದಾಗ ಇದು ನೆನಪಿರಲಿ. ಆ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಮೊದಲ ಏಳು ದಿನ ಬಾಯಿ ಬಿಡದೆ ಜೊತೆಗೆ ಕೂತದ್ದು (ಯೋಬ 2:13).

ದೇವರನ್ನು ನಂಬಿದ ಮೇಲೆ ಚಿಂತೆ ಮಾಡಬಾರದಾ? ಹೂಮಳೆ ಬರದಿದ್ರೆ ಚಿಂತೆ ಆಗದೆ ಇರುತ್ತಾ?

ಆಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ, ಮತ್ತೆ ಮೂರು ವಾರದ ಆಸುಪಾಸಿನಲ್ಲಿ ಇನ್ನೊಂದು ಮಳೆ ಕಾಯುವವರಿಗೆ, ಚಿಂತೆ ಮಾಡಬೇಡಿ, ಹಕ್ಕಿಗಳನ್ನು ನೋಡಿ ಎನ್ನುವ ಮತ್ತಾಯ 6:25-34 ಓದಿದರೆ ಸಿಟ್ಟೇ ಬರಬಹುದು. ಅಲ್ಲಿಯ ಹಕ್ಕಿಗಳು ಬಿತ್ತುವುದಿಲ್ಲ ಕೊಯ್ಯುವುದಿಲ್ಲ ನಿಜ, ಆದರೆ ಬೆಳಗಿನಿಂದ ಸಂಜೆಯವರೆಗೆ ಹುಡುಕುತ್ತವೆ. ಗೂಡಿನಲ್ಲಿ ಬಾಯಿ ತೆರೆದು ಕೂರುವುದಿಲ್ಲ. ಕೆರೆಯಲ್ಲಿ ನೀರಿದ್ದರೆ ಸ್ಪ್ರಿಂಕ್ಲರ್ ಹಾಕುವುದು ಅಪನಂಬಿಕೆಯಲ್ಲ.

ಮಾಡಿ ನೋಡಬಹುದಾದ್ದು ಇಷ್ಟು. ರಾತ್ರಿ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಾಳೆ ನನ್ನ ಕೈಯಲ್ಲಿ ಆಗುವುದು: ಬ್ಯಾಂಕಿಗೆ ಹೋಗಿ ಮಾತಾಡುವುದು, ಪಂಪ್ ನೋಡುವುದು. ಬಲಕ್ಕೆ ನನ್ನ ಕೈಯಲ್ಲಿಲ್ಲದ್ದು: ಮಳೆ, ಕಾಫಿ ದರ, ಮಗಳ ಗಂಡನ ಸ್ವಭಾವ, ತೋಟಕ್ಕೆ ಬರುವ ಆನೆ. ಎಡಗಡೆಯದಕ್ಕೆ ಗಂಟೆ ಗೊತ್ತು ಮಾಡಿ. ಬಲಗಡೆಯದನ್ನು ಒಂದೊಂದಾಗಿ ಹೆಸರಿಟ್ಟು ಜೋರಾಗಿ ಹೇಳಿ ದೇವರಿಗೆ ಒಪ್ಪಿಸಿ. ಮನಸ್ಸಿನಲ್ಲೇ ಹೇಳಿದರೆ ಅದು ಮತ್ತೆ ಚಿಂತೆಯಾಗಿ ಸುತ್ತಲು ಶುರು, ಅದಕ್ಕೇ ಬಾಯಿಬಿಟ್ಟು ಹೇಳಬೇಕು. ಬೆಳಿಗ್ಗೆ ಎದ್ದಾಗ ಬಲಗಡೆಯದು ತಲೆಗೆ ಬಂದೇ ಬರುತ್ತದೆ. ಸೋತೆವೆಂದು ತಿಳಿಯದೆ ಇನ್ನೊಮ್ಮೆ ಒಪ್ಪಿಸಿ.

ನಂಬಿಕೆ ಬೆಳೆಸಿಕೊಳ್ಳಲು ದಿನಾ ಮಾಡಬಹುದಾದ ಒಂದು ಪ್ರಾರ್ಥನೆ ಹೇಳಿ.

ಕೀರ್ತನೆ 131. ಮೂರೇ ವಚನ. ಅದರ ನಡುವೆ ಹಾಲು ಬಿಡಿಸಿದ ಮಗು ತಾಯಿಯ ಮಡಿಲಲ್ಲಿ ಸುಮ್ಮನಿರುವ ಚಿತ್ರ ಇದೆ. ಹಾಲು ಕುಡಿಯುವ ಕೂಸು ಮಡಿಲಿಗೆ ಬಂದರೆ ಮೂಸುತ್ತದೆ, ಸೆರಗು ಎಳೆಯುತ್ತದೆ, ಸಿಗದಿದ್ದರೆ ಅಳುತ್ತದೆ. ಹಾಲು ಬಿಡಿಸುವ ಆ ಕೆಲವು ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅದು ಮುಗಿದ ಮೇಲೆ ಒಂದು ದಿನ ಮಗು ತಾನಾಗಿ ಬಂದು ಮಡಿಲಲ್ಲಿ ಕೂರುತ್ತದೆ, ಏನೂ ಕೇಳುವುದಿಲ್ಲ, ಅಮ್ಮನ ಬಳೆ ತಿರುಗಿಸುತ್ತಾ ಇರುತ್ತದೆ. ಅದಕ್ಕೆ ಬೇಕಾದ್ದು ಅಮ್ಮ. ಬೇಡುವ ಪ್ರಾರ್ಥನೆ ತಪ್ಪಲ್ಲ. ಇದು ಅದರ ಆಚೆಯದು.

ಒಟ್ಟು 15 ನಿಮಿಷ ಸಾಕು. ಮೊದಲ 2 ನಿಮಿಷ ಬೆನ್ನು ನೆಟ್ಟಗೆ, ಪಾದ ನೆಲಕ್ಕೆ ತಾಗುವಂತೆ ಕೂತು ಉಸಿರು ಗಮನಿಸಿ. ಆಮೇಲೆ ಕೀರ್ತನೆಯನ್ನು ಎರಡು ಸಲ ಜೋರಾಗಿ, ಅಜ್ಜಿಗೆ ಓದಿ ಹೇಳುವಷ್ಟು ನಿಧಾನವಾಗಿ ಓದಿ; 3 ನಿಮಿಷ ಹಿಡಿಯುತ್ತದೆ. ಮುಂದಿನ 8 ನಿಮಿಷ ಉಸಿರು ಎಳೆಯುವಾಗ ಮನಸ್ಸಿನಲ್ಲಿ "ನಿನ್ನ ಮಡಿಲಲ್ಲಿ", ಬಿಡುವಾಗ "ಸುಮ್ಮನಿದ್ದೇನೆ". ಕೊನೆಯ 2 ನಿಮಿಷ ಅಂದಿನ ಒಬ್ಬ ವ್ಯಕ್ತಿಯ ಹೆಸರು ಹೇಳಿ, ಅವರೂ ಅದೇ ಮಡಿಲಲ್ಲಿದ್ದಾರೆ ಎಂದು ನೆನೆಯಿರಿ. ಈ ಕೊನೆಯ ಭಾಗ ಬಿಡಬೇಡಿ. ಇಷ್ಟವಿಲ್ಲದವರ ಹೆಸರು ವಾರಕ್ಕೊಮ್ಮೆಯಾದರೂ ಬರಲಿ. ಎಲ್ಲರನ್ನೂ ಒಳಗೊಳ್ಳುವ ಪ್ರೀತಿ ಎನ್ನುವುದು ಅಲ್ಲಿ ಹೇಳಲು ಹೋದಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕೆಡುವುದು ಎಲ್ಲಿ? ಬೆಳಗಿನ ಜಾವ ಹಾಸಿಗೆಯಲ್ಲೇ ಮಾಡಿದರೆ ನಿದ್ದೆ ಬರುತ್ತದೆ, ಎದ್ದು ಮುಖ ತೊಳೆದು ಕೂರಿ. ಸಮಯ ನೋಡಲು ಮೊಬೈಲ್ ಎದುರಿಟ್ಟರೆ ವಾಟ್ಸ್ಆಪ್ ಗೆಲ್ಲುತ್ತದೆ, ಗಡಿಯಾರ ಇಡಿ. ಮನಸ್ಸು ನೂರು ಸಲ ಓಡಿದರೆ ನೂರು ಸಲ ಆ ಮಾತಿಗೆ ಮರಳಿ, ಮರಳುವುದೇ ಅಭ್ಯಾಸ. ಹಿಂದೆ ಆಘಾತ ಕಂಡವರಿಗೆ ಮೌನದಲ್ಲಿ ಕೆಲವೊಮ್ಮೆ ಉಸಿರು ಕಟ್ಟಿದಂತಾಗಬಹುದು. ಅಂಥವರು ಕಣ್ಣು ತೆರೆದೇ ಇರಲಿ, ಕೈಯಲ್ಲಿ ಜಪಸರವನ್ನೋ ಬಿಸಿ ಲೋಟವನ್ನೋ ಹಿಡಿಯಲಿ, 3 ನಿಮಿಷಕ್ಕೆ ನಿಲ್ಲಿಸಲಿ. ಅಥವಾ ಅಂಗಳದಲ್ಲಿ ನಡೆಯುತ್ತಾ ಮಾಡಲಿ.

ಎಷ್ಟು ಮಾಡಿದರೂ ಏನೂ ಅನಿಸೋದಿಲ್ಲ.

ಅನಿಸಬೇಕಾಗಿಲ್ಲ. ನಿದ್ದೆ ಮಾಡುವ ಮಗುವಿಗೆ ಅಮ್ಮ ಪಕ್ಕದಲ್ಲಿರುವುದು ಅನಿಸುವುದಿಲ್ಲ. ಆರು ವಾರವಾದರೂ ಬಿಡದೆ ಮಾಡಿ, ಅನಂತರ ಪ್ರಾರ್ಥನೆಯ 15 ನಿಮಿಷವನ್ನು ನೋಡಬೇಡಿ, ಉಳಿದ ದಿನವನ್ನು ನೋಡಿ: ಸಿಟ್ಟು ಇಳಿಯಲು ಹಿಡಿಯುವ ಹೊತ್ತು ಕಡಿಮೆಯಾಗಿದೆಯೇ? ಕೆಲಸದವರೊಂದಿಗೆ ಮಾತು ಮೆತ್ತಗಾಗಿದೆಯೇ? ಮನೆಯವರನ್ನೇ ಕೇಳಿ, ಅವರು ಮುಲಾಜಿಲ್ಲದೆ ಹೇಳುತ್ತಾರೆ.

ದೇವರ ಮೇಲೆ ಕೋಪ ಬಂದಿದೆ. ಇದು ಪಾಪವಾ?

150 ಕೀರ್ತನೆಗಳಲ್ಲಿ ಅತ್ತು ದೂರು ಹೇಳುವವು ದೊಡ್ಡ ಪಾಲು. 13ನೆಯದನ್ನು ನೋಡಿ, ಎರಡೇ ವಚನದಲ್ಲಿ ನಾಲ್ಕು ಸಲ "ಎಷ್ಟರವರೆಗೆ" ಎಂಬ ಪ್ರಶ್ನೆ. 88ನೆಯದು ಸಮಾಧಾನವೇ ಇಲ್ಲದೆ ಕತ್ತಲೆಯಲ್ಲಿ ಮುಗಿಯುತ್ತದೆ, ಯಾರೂ ಅದನ್ನು ಬೈಬಲಿನಿಂದ ಕಿತ್ತು ಹಾಕಿಲ್ಲ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೆಯದರ ಮೊದಲ ಸಾಲು.

ನಿಮ್ಮದನ್ನೇ ಬರೆಯಬಹುದು. ಕೀರ್ತನೆ 13ರ ಮಾದರಿಯಲ್ಲಿ ನಾಲ್ಕು ಭಾಗ: ಕರೆಯುವುದು, ದೂರು, ಬೇಡಿಕೆ, "ಆದರೂ" ಎಂದು ಶುರುವಾಗುವ ಒಂದು ಸಾಲು. ದೂರಿನ ಭಾಗ ಉದ್ದವಿರಲಿ, ಸಭ್ಯವಾಗಿರಬೇಕಿಲ್ಲ. ಜನ ತಪ್ಪುವುದು "ಆದರೂ" ಸಾಲಿಗೆ ಧಾವಿಸುವುದರಲ್ಲಿ. ಅದು ಬಾರದಿದ್ದರೆ ಜಾಗ ಖಾಲಿ ಬಿಡಿ, 88ರ ಹಾಗೆ. ಮೊಟ್ಟಮೊದಲ ಸಾಲಿನಲ್ಲಿ "ದೇವರೇ" ಎಂದು ಕರೆದಿದ್ದೀರಲ್ಲ. ಬಿಟ್ಟುಹೋದವರು ಹಾಗೆ ಕರೆಯುವುದಿಲ್ಲ.

ಖಿನ್ನತೆಗೆ ಮಾತ್ರೆ ತಗೊಂಡ್ರೆ ನಂಬಿಕೆ ಕಮ್ಮಿ ಅಂತಾರೆ.

1 ಅರಸುಗಳು 19 ತೆಗೆಯಿರಿ. ಪ್ರವಾದಿ ಎಲೀಯ ಸಾಕಪ್ಪಾ, ಪ್ರಾಣ ತೆಗೆ ಎಂದು ಗಿಡದ ಕೆಳಗೆ ಬಿದ್ದುಕೊಂಡ. ದೇವದೂತ ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತು ಬಂದದ್ದು ಬಹಳ ದಿನ ಕಳೆದ ಮೇಲೆ. ನಿದ್ದೆ, ಊಟ, ಔಷಧಿ ದೇವರ ಆರೈಕೆಯ ದಾರಿಗಳೇ. ಮಾತ್ರೆಯನ್ನು ವೈದ್ಯರಿಗೆ ಹೇಳದೆ ಪ್ರಾರ್ಥನಾ ಕೂಟದವರ ಮಾತು ಕೇಳಿ ಒಮ್ಮೆಲೇ ನಿಲ್ಲಿಸಬೇಡಿ. ಕೆಲವು ಔಷಧಿಗಳನ್ನು ಹಾಗೆ ನಿಲ್ಲಿಸಿದರೆ ತಲೆಸುತ್ತು, ಕಳವಳ, ನಿದ್ರಾಹೀನತೆ ಬರುತ್ತದೆ, ಕಾಯಿಲೆಯೂ ಮರಳಬಹುದು. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಆತ್ಮಹತ್ಯೆ ಮಾಡಿಕೊಂಡವರನ್ನು ದೇವರು ಕೈಬಿಡ್ತಾನಾ? ಚರ್ಚಿನಲ್ಲಿ ಮಣ್ಣು ಮಾಡೋದಿಲ್ಲ ಅಂತ ಕೇಳಿದ್ದೇವೆ.

ಹಿಂದೆ ಹಾಗಿತ್ತು. 1917ರ ಕಥೋಲಿಕ ಧರ್ಮಸಭಾ ಕಾನೂನಿನಲ್ಲಿ ಉದ್ದೇಶಪೂರ್ವಕ ಆತ್ಮಹತ್ಯೆಗೆ ಅಂತ್ಯಕ್ರಿಯೆಯ ನಿರಾಕರಣೆ ಇತ್ತು; 1983ರ ಕಾನೂನು ಆ ಕಾರಣವನ್ನು ಪಟ್ಟಿಯಿಂದ ತೆಗೆದುಹಾಕಿತು. ಬೋಧನಾಗ್ರಂಥದ 2282, 2283ನೆಯ ಕಂಡಿಕೆಗಳು ತೀವ್ರ ಮಾನಸಿಕ ಯಾತನೆ, ಭಯ ಹೊಣೆಯನ್ನು ತಗ್ಗಿಸುತ್ತವೆ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎನ್ನುತ್ತವೆ. ಊರಿನಲ್ಲಿ ಯಾರಾದರೂ ಹಳೆಯ ನಿಯಮ ಎತ್ತಿದರೆ ನೇರ ಗುರುಗಳ ಬಳಿ ಹೋಗಿ ಮಾತಾಡಿ. ಸಾವಿನ ಮನೆಯವರೇ ಹೋಗಬೇಕಿಲ್ಲ, ನೆಂಟರೊಬ್ಬರು ಹೋದರೆ ಸಾಕು.

ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸಿನ ಬಗ್ಗೆಯೂ ಇದೇ ಭಯ ಇರುತ್ತದೆ. ಕಂಡಿಕೆ 1261 ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಮಕ್ಕಳನ್ನು ನನ್ನ ಬಳಿಗೆ ಬಿಡಿ ಎಂದ ಯೇಸುವಿನ ಮಾತನ್ನೇ ಆಧಾರ ಮಾಡಿಕೊಳ್ಳುತ್ತದೆ. ತಂದೆತಾಯಿ ದೀಕ್ಷಾಸ್ನಾನ ಕೊಡಿಸುವ ಮನಸ್ಸು ಮಾಡಿದ್ದರೆ ಬಿಷಪರ ಅನುಮತಿಯಿಂದ ಅಂತ್ಯಕ್ರಿಯೆಯ ವಿಧಿಯನ್ನೂ ನಡೆಸಬಹುದು.

ಎಲ್ಲರಿಗೂ ಒಂದೇ ಪ್ರೀತಿ ಅಂದ್ರೆ, ಹುಟ್ಟಿನಿಂದ ಚರ್ಚಿಗೆ ಬಂದ ನಮಗೂ ನಿನ್ನೆ ಮೊನ್ನೆ ಬಂದವರಿಗೂ ವ್ಯತ್ಯಾಸ ಇಲ್ವಾ?

ಇದಕ್ಕೆ ಉತ್ತರ ಮತ್ತಾಯ 20:1-16, ಅದನ್ನು ಕಾಫಿ ಸೀಮೆಯಲ್ಲಿ ಓದುವುದೇ ಚೆಂದ. ದ್ರಾಕ್ಷಿ ತೋಟದ ಯಜಮಾನ ಆಳು ಕರೆಯಲು ಐದು ಸಲ ಪೇಟೆಗೆ ಹೋಗುತ್ತಾನೆ: ಮುಂಜಾನೆ, 9 ಗಂಟೆಗೆ, ಮಧ್ಯಾಹ್ನ, 3ಕ್ಕೆ, 5ಕ್ಕೆ. ಸಂಜೆ ಎಲ್ಲರಿಗೂ ಒಂದೊಂದು ದಿನಾರು. ಅದು ಒಂದು ದಿನದ ಕೂಲಿ, ಒಂದು ಮನೆಯ ಅಂದಿನ ಊಟ.

ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಆರೂವರೆಗೆ ಪಿಕಪ್ ಗಾಡಿ ಬಂದು ನಿಂತಾಗ ಯಾರು ಮೊದಲು ಹತ್ತುತ್ತಾರೆ, ಮೇಸ್ತ್ರಿ ಯಾರನ್ನು ಬಿಟ್ಟು ಹೋಗುತ್ತಾನೆ ನೋಡಿ. ಕೈ ನಡುಗುವ ಮುದುಕರು, ಕಂಕುಳಲ್ಲಿ ಕೂಸಿರುವವಳು, ಹಿಂದಿನ ವಾರ ಜ್ವರದಲ್ಲಿ ಮಲಗಿದ್ದವನು ಉಳಿಯುತ್ತಾರೆ. ಐದು ಗಂಟೆಯವರೂ ಹೇಳಿದ್ದು ಅದನ್ನೇ: ನಮ್ಮನ್ನು ಯಾರೂ ಕರೆಯಲಿಲ್ಲ. ಅವರು ಸೋಮಾರಿಗಳೆಂದು ಕಥೆಯಲ್ಲಿ ಎಲ್ಲೂ ಇಲ್ಲ. ಅವರ ಮನೆಯಲ್ಲೂ ರಾತ್ರಿ ಒಲೆ ಹೊತ್ತಬೇಕು, ಯಜಮಾನ ನೋಡಿದ್ದು ಅದನ್ನು. ಬೆಳಗಿನಿಂದ ದುಡಿದವರಿಗೆ ಒಂದು ಪೈಸೆಯೂ ಕಡಿಮೆಯಾಗಿಲ್ಲ. ಅವರನ್ನು ನೋಯಿಸಿದ್ದು ಇವರನ್ನು ನಮಗೆ ಸಮ ಮಾಡಿದೆ ಎನ್ನುವುದು (ವಚನ 12). ಹುಟ್ಟು ಕ್ರೈಸ್ತರಿಗೆ ನೋವಾಗುವುದೂ ಅಲ್ಲೇ.

ಒಂದು ಮಾತು ಸೇರಿಸಬೇಕು. ಇದನ್ನು ತೋಟದ ಮಾಲೀಕರು ಕೂಲಿ ಕಡಿಮೆ ಕೊಡಲು ನೆಪ ಮಾಡಿಕೊಳ್ಳುವಂತಿಲ್ಲ. ಕಥೆಯ ಯಜಮಾನ ಒಪ್ಪಿದ್ದಕ್ಕಿಂತ ಹೆಚ್ಚು ಕೊಟ್ಟನೇ ಹೊರತು ಯಾರಿಗೂ ಕಡಿಮೆ ಕೊಡಲಿಲ್ಲ. ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ ಎಂದು ಯಾಕೋಬ 5:4 ಬೇರೆಯಾಗಿ ಎಚ್ಚರಿಸುತ್ತದೆ.

ಚರ್ಚಿನೊಳಗೂ ಜಾತಿ ನೋಡ್ತಾರೆ. ಆಗ ಈ ಪ್ರೀತಿ ಎಲ್ಲಿ ಹೋಯ್ತು?

ನೋಡುತ್ತಾರೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಾಯಲ್ಲಿ ಹೇಳುವುದಿಲ್ಲ, ಮುಂದಿನ ಬೆಂಚು ಯಾರದು, ಹಬ್ಬದ ಊಟದಲ್ಲಿ ಬಡಿಸುವವರು ಯಾರು, ಎಂಜಲೆಲೆ ಎತ್ತುವವರು ಯಾರು, ಪಾಲನಾ ಮಂಡಳಿಗೆ ಯಾರ ಹೆಸರು ಬರುತ್ತದೆ, ಸಂಬಂಧ ಕುದುರಿಸುವಾಗ ಏನು ವಿಚಾರಿಸುತ್ತಾರೆ ಎನ್ನುವುದರಲ್ಲಿ ಕಾಣುತ್ತದೆ. ಇದು ಮೊದಲ ಶತಮಾನದಲ್ಲೇ ಇತ್ತು. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ಎನ್ನುವುದನ್ನು ಯಾಕೋಬ 2:2-4 ಖಂಡಿಸುತ್ತದೆ. ಕೊರಿಂಥದಲ್ಲಿ ಇದ್ದವರು ಮೊದಲು ತಿಂದು ಮುಗಿಸಿ ಇಲ್ಲದವರು ಹಸಿದು ಕೂರುವಂತಾದಾಗ, ನೀವು ತಿನ್ನುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಬರೆದ (1 ಕೊರಿಂಥ 11:20-22).

ಯೇಸುವಿನ ಶಿಷ್ಯ ಪೇತ್ರನಿಗೂ ಇದು ಸುಲಭವಾಗಿ ಬಿಡಲಿಲ್ಲ. ಅಪೊಸ್ತಲರ ಕೃತ್ಯಗಳು 10ರಲ್ಲಿ ದೇವರು ಶುದ್ಧ ಮಾಡಿದ್ದನ್ನು ಅಶುದ್ಧ ಎನ್ನಬೇಡ ಎಂಬ ಒಂದೇ ದರ್ಶನ ಅವನಿಗೆ ಮೂರು ಸಲ ಬೇಕಾಯಿತು, ಅನಂತರ ರೋಮನ್ ಸೈನ್ಯಾಧಿಕಾರಿ ಕೊರ್ನೇಲ್ಯನ ಮನೆ ಹೊಕ್ಕು ದೇವರು ಪಕ್ಷಪಾತಿಯಲ್ಲ ಎಂದ. ಆಮೇಲೂ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಯೆಹೂದ್ಯರಲ್ಲದವರ ಪಂಕ್ತಿ ಬಿಟ್ಟು ಎದ್ದ, ಪೌಲ ಎಲ್ಲರ ಮುಂದೆ ಬೈದ (ಗಲಾತ್ಯ 2:11-14). ಪಂಕ್ತಿಭೇದ ಎಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಾಡಬಹುದಾದ್ದು: ಊಟಕ್ಕೆ ಬಡಿಸುವ, ಎಲೆ ಎತ್ತುವ ಪಾಳಿಯನ್ನು ಮನೆಗಳ ಅಕಾರಾದಿಯಲ್ಲಿ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿ. ಬೈಬಲ್ ವಾಚಕರ ಪಟ್ಟಿಯೂ ಹಾಗೆಯೇ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಪ್ರಾರ್ಥನೆ ಇಟ್ಟಾಗ ಅಲ್ಲಿಯೇ ಚಹಾ ಕುಡಿಯಿರಿ, ಅವರ ಲೋಟದಲ್ಲೇ. ಬೋಧನೆಗಿಂತ ಆ ಲೋಟ ಹೆಚ್ಚು ಮಾತಾಡುತ್ತದೆ. ಪಟ್ಟಿ ಅಂಟಿಸಿದ ಮೊದಲ ವಾರ ಕೆಲವರು "ಅವತ್ತು ನಮಗೆ ಕೆಲಸ ಇದೆ" ಎನ್ನುತ್ತಾರೆ. ಆ ದಿನವನ್ನು ಬೇರೆಯವರಿಗೆ ವರ್ಗಾಯಿಸಬೇಡಿ, ಅವರದೇ ಮುಂದಿನ ದಿನಕ್ಕೆ ಬರೆಯಿರಿ.

ಮಂಗಳಮುಖಿಯರು, ಸಲಿಂಗಿಗಳು ಚರ್ಚಿಗೆ ಬಂದರೆ?

ಬರಲಿ, ಕೂರಲಿ, ಹಾಡಲಿ. ಮದುವೆಯ ವಿಷಯದಲ್ಲಿ ಚರ್ಚುಗಳ ಬೋಧನೆ ಬೇರೆ ಬೇರೆ, ಕಥೋಲಿಕ ಧರ್ಮಸಭೆ ಗಂಡು ಹೆಣ್ಣಿನ ನಡುವಿನದನ್ನಷ್ಟೇ ಮದುವೆ ಎನ್ನುತ್ತದೆ. ಆದರೆ ಅದರ ಬೋಧನಾಗ್ರಂಥದ 2358ನೆಯ ಕಂಡಿಕೆಯೇ ಸಲಿಂಗಿಗಳನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ಭೇದಭಾವ ಸಲ್ಲದು ಎನ್ನುತ್ತದೆ. ಹಳೆಯ ಧರ್ಮಶಾಸ್ತ್ರ ನಪುಂಸಕರನ್ನು ಸಭೆಯಿಂದ ಹೊರಗಿಟ್ಟಿತ್ತು. ಯೆಶಾಯ 56:3-5 ಅವರಿಗೆ ಗಂಡುಹೆಣ್ಣು ಮಕ್ಕಳಿಗಿಂತ ಉತ್ತಮವಾದ ಹೆಸರು ಕೊಡುವೆನೆಂದಿತು. ಅಪೊಸ್ತಲರ ಕೃತ್ಯಗಳು 8ರಲ್ಲಿ ಅಂಥ ಒಬ್ಬ ಇಥಿಯೋಪ್ಯದವನು ದಾರಿಬದಿಯ ನೀರು ತೋರಿಸಿ ನನಗೆ ದೀಕ್ಷಾಸ್ನಾನಕ್ಕೆ ಅಡ್ಡಿ ಏನು ಎಂದು ಕೇಳಿದ. ಅವನ ಜೊತೆ ಕೂತು ಸುವಾರ್ತೆ ಹೇಳುತ್ತಿದ್ದ ಫಿಲಿಪ್ಪ ಗಾಡಿಯಿಂದ ಇಳಿದು ನೀರಿಗೆ ಇಳಿದ. ಹೆಸರು ಅವರು ಹೇಳಿದಂತೆಯೇ ಕರೆಯಿರಿ. ದಿಟ್ಟಿಸಿ ನೋಡುವ ಮಕ್ಕಳಿಗಿಂತ ದೊಡ್ಡವರನ್ನು ತಿದ್ದುವುದು ಕಷ್ಟ.

ನಾನು ಕ್ರೈಸ್ತ ಅಲ್ಲ. ಸುಮ್ಮನೆ ಬಂದು ಕೂರಬಹುದಾ?

ಕೂರಬಹುದು, ಮತ ಬದಲಿಸಿ ಎಂದು ಯಾರೂ ಕೇಳಬಾರದು. ಕೊನೆಯ ಬೆಂಚುಗಳಲ್ಲಿ ಕೂತರೆ ಮುಂದಿನವರು ಏಳುವಾಗ ಏಳಬಹುದು, ಕೂರುವಾಗ ಕೂರಬಹುದು, ಮೊಣಕಾಲೂರಬೇಕೆಂದಿಲ್ಲ. ಚಪ್ಪಲಿ ಕೆಲವು ಚರ್ಚುಗಳಲ್ಲಿ ಹೊರಗೆ, ಕೆಲವೆಡೆ ಒಳಗೆ, ಬಾಗಿಲಲ್ಲಿ ನೋಡಿಕೊಳ್ಳಿ. ಪರಮಪ್ರಸಾದ (ಪೂಜೆಯಲ್ಲಿ ಹಂಚುವ ರೊಟ್ಟಿ) ಮಾತ್ರ ತೆಗೆದುಕೊಳ್ಳಬೇಡಿ, ಅದು ಆ ಸಭೆಯ ಸದಸ್ಯರಿಗೆ. ಸಾಲಿನಲ್ಲಿ ಹೋಗದೆ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಾಣಿಕೆ ತಟ್ಟೆ ಬಂದಾಗ ಹಾಕಲೇಬೇಕೆಂದಿಲ್ಲ.

ಶೆಟ್ಟಿಹಳ್ಳಿಯ ಚರ್ಚ್ ನೀರಲ್ಲಿ ಮುಳುಗಿತಲ್ಲ, ದೇವರು ತನ್ನ ಮನೆಯನ್ನೇ ಕಾಪಾಡಿಕೊಳ್ಳಲಿಲ್ವಾ?

ಪ್ರವಾಸಿಗಳು ತಮಾಷೆಗೆ ಕೇಳುವುದುಂಟು. ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಏರಿತು, ಜನ ಊರು ಬಿಟ್ಟರು. ಮಳೆಗಾಲದಲ್ಲಿ ಗೋಡೆಯ ಮೇಲ್ಭಾಗ ಮಾತ್ರ ಕಾಣುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆಯಬಹುದು. ಅರಸ ಸೊಲೊಮೋನ ತಾನು ಕಟ್ಟಿಸಿದ ದೇವಾಲಯದ ಪ್ರತಿಷ್ಠೆಯ ವೇಳೆಯಲ್ಲೇ ಆಕಾಶವೇ ನಿನ್ನನ್ನು ಹಿಡಿಸದು, ಈ ಮನೆ ಎಷ್ಟರದು ಎಂದಿದ್ದ (1 ಅರಸುಗಳು 8:27). ಸ್ಥಳಾಂತರವಾದವರ ಜೊತೆ ದೇವರೂ ಹೋದ ಎಂದೇ ನಮ್ಮ ಓದು. ಹೋದರೆ ಗೋಡೆಯ ಮೇಲೆ ಹೆಸರು ಕೆತ್ತಬೇಡಿ.

ಮಕ್ಕಳಿಗೆ ಇದನ್ನು ಹೇಳೋದು ಹೇಗೆ?

ಮೊದಲು "ದೇವರು ನೋಡ್ತಿದ್ದಾನೆ, ಕಣ್ಣು ಕಿತ್ತುಬಿಡ್ತಾನೆ" ಎನ್ನುವುದನ್ನು ನಿಲ್ಲಿಸಿ. ಊಟ ಮಾಡಿಸಲು ದೇವರನ್ನು ಪೊಲೀಸ್ ಮಾಡಿದರೆ ಇಪ್ಪತ್ತು ವರ್ಷ ಬಿಟ್ಟು ಆ ಮಗು ಮೇಲಿನ ಪ್ರಶ್ನೆಗಳನ್ನೆಲ್ಲ ಕೇಳಿಕೊಂಡು ಬರುತ್ತದೆ. ಮಲಗುವ ಮುನ್ನ 5 ನಿಮಿಷ: ಇವತ್ತು ಯಾವುದು ಇಷ್ಟವಾಯಿತು, ಯಾವುದು ಅಳು ತಂದಿತು, ಯಾರಿಗೆ ಸಾರಿ ಹೇಳಬೇಕು. ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿ ಹೆಸರು ಹಿಡಿದು "ನೀನು ದೇವರ ಮಗು" ಎನ್ನಿ. ಹೊಡೆದ ದಿನ, ಬೈದ ದಿನ ಇದನ್ನು ತಪ್ಪಿಸಲೇಬೇಡಿ, ಅಂದು ಸಾರಿ ಹೇಳುವ ಸರದಿ ನಿಮ್ಮದು.

ಯಾವ ಬೈಬಲ್ ಕೊಳ್ಳಲಿ? ನೀವು ಕೊಟ್ಟ ಹೆಸರು ನಮ್ಮ ಪುಸ್ತಕದಲ್ಲಿ ಸಿಗ್ತಿಲ್ಲ.

ಪ್ರೊಟೆಸ್ಟಂಟ್ ಬೈಬಲಿನಲ್ಲಿ 66 ಪುಸ್ತಕ, ಕಥೋಲಿಕರದ್ದರಲ್ಲಿ 73. ಹೆಸರುಗಳೂ ಸ್ವಲ್ಪ ಬೇರೆ: ಅವರ ಯೋಹಾನ ಇವರ ಯೊವಾನ್ನ, ಅವರ ಸುವಾರ್ತೆ ಇವರ ಶುಭಸಂದೇಶ. ಇಲ್ಲಿ ಸೂಚಿಸಿದ ಎಲ್ಲ ಭಾಗಗಳೂ ಎರಡರಲ್ಲೂ ಇವೆ. ತುಂಬ ಹಳೆಯ ಕಥೋಲಿಕ ಪ್ರಾರ್ಥನಾ ಪುಸ್ತಕಗಳಲ್ಲಿ ಹೆಚ್ಚಿನ ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ ಇರಬಹುದು, 131 ಹುಡುಕಿದರೆ ಸಿಗದು, 130 ತೆಗೆಯಿರಿ. ಹಳಗನ್ನಡದ ಛಾಯೆಯ ಅನುವಾದ ಕಷ್ಟವಾದರೆ ಈಚಿನ ಸರಳ ಅನುವಾದ ಕೊಳ್ಳಿ. ಕಣ್ಣು ಮಂಜಾದವರಿಗೆ ದೊಡ್ಡ ಅಕ್ಷರದ್ದು, ಓದು ಬಾರದವರಿಗೆ ಮೊಬೈಲಿನಲ್ಲಿ ಕೇಳುವ ಬೈಬಲ್ ಕನ್ನಡದಲ್ಲೂ ಸಿಗುತ್ತದೆ. ಆದಿಕಾಂಡದಿಂದ ಶುರು ಮಾಡಿದವರು ಯಾಜಕಕಾಂಡದ ಹೊತ್ತಿಗೆ ಬಿಟ್ಟುಬಿಡುವುದೇ ಹೆಚ್ಚು. ಲೂಕನಿಂದ ಶುರು ಮಾಡಿ.